ಮಕ್ಕಳ ಕಲಿಕೆ, ಶಾಲೆಯ ಹಣ: ಎರಡನ್ನೂ ಒಂದೇ ಹಾಳೆಯಲ್ಲಿ ಬರೆಯಿರಿ

2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ ಜಿಲ್ಲೆ ಶೇ 91 ದಾಟಿತು. ನಮ್ಮ ಕಲಬುರಗಿ ಶೇ 42ರ ಆಸುಪಾಸಿನಲ್ಲಿ ಉಳಿದು ರಾಜ್ಯಕ್ಕೇ ಕೊನೆಯಾಯಿತು. ಹಿಂದಿನ ವರ್ಷ ಆ ಜಾಗದಲ್ಲಿ ಯಾದಗಿರಿ ಇತ್ತು. ಊರಿನವರೆಲ್ಲ ಹತ್ತನೇ ತರಗತಿಯ ಗುರುಗಳನ್ನು ಬೈದರು. ಚಿತ್ತಾಪುರ ತಾಲ್ಲೂಕಿನ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷೆಯಾಗಿದ್ದ ನನಗೆ ಆ ಬೈಗುಳ ಸರಿ ಕಾಣಲಿಲ್ಲ. ಹತ್ತರಲ್ಲಿ ನಪಾಸಾಗುವ ಮಗು ಐದರಲ್ಲೇ ಓದಲು ತಡವರಿಸುತ್ತಿರುತ್ತದೆ. ಅದನ್ನು ಅಲ್ಲಿಯೇ ಗುರುತಿಸಬೇಕು. ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರು, ಅರ್ಧದಷ್ಟು ಮಹಿಳೆಯರು ಇರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳಿರುವುದು ಸಹಿ ಹಾಕಿ ಚಹಾ ಕುಡಿದು ಬರುವುದಕ್ಕಲ್ಲ.

ಸಮಿತಿಯಲ್ಲಿರುವವರು ಮೊದಲು ಕಲಿಕೆಯನ್ನು ನೋಡಿ, ಹಣದ ಮಾತು ಆಮೇಲೆ. ದಸರಾ ರಜೆ ಮುಗಿದ ಮೇಲೆ ಮುಖ್ಯಗುರುಗಳ ಒಪ್ಪಿಗೆ ಪಡೆದು ಐದನೇ ತರಗತಿಯ ಮಕ್ಕಳನ್ನು ಒಬ್ಬೊಬ್ಬರಾಗಿ ವರಾಂಡಕ್ಕೆ ಕರೆಯಿರಿ. ಉಳಿದ ಮಕ್ಕಳ ಎದುರು ಓದಿಸಬೇಡಿ, ಮಗು ನಾಚಿಕೊಳ್ಳುತ್ತದೆ. ಎರಡನೇ ತರಗತಿಯ ಕನ್ನಡ ಪುಸ್ತಕದಿಂದ ಒಂದು ಪುಟ್ಟ ಪಾಠ ಓದಿಸಿ. ‘ಮರ’, ‘ಸರ’ ಸಲೀಸಾಗಿ ಓದಿದ ಮಗು ‘ಕಬ್ಬಿಣ’ಕ್ಕೆ ಬಂದಾಗ ಒತ್ತಕ್ಷರದ ಮೇಲೆ ಬೆರಳಿಟ್ಟು ಸುಮ್ಮನೆ ಕೂರುವುದು ನಿಮಗೂ ಕಾಣಸಿಗುತ್ತದೆ. ನಂತರ 52ರಲ್ಲಿ 17 ಕಳೆಯಲು ಹೇಳಿ. ಹಲವರು 45 ಎಂದು ಬರೆಯುತ್ತಾರೆ: ಏಳರಲ್ಲಿ ಎರಡು ಹೋದರೆ ಐದು, ಐದರಲ್ಲಿ ಒಂದು ಹೋದರೆ ನಾಲ್ಕು. ಆ ಮಗು ದಡ್ಡನಲ್ಲ. ದಶಕ ಬಿಡಿಸಿಕೊಳ್ಳುವುದನ್ನು ಅದಕ್ಕೆ ಯಾರೂ ಕೂರಿಸಿ ಕಲಿಸಿಲ್ಲ, ಇಲ್ಲವೇ ಕಲಿಸಿದಾಗ ಅದು ಶಾಲೆಯಲ್ಲಿ ಇರಲಿಲ್ಲ.

ಆದ್ದರಿಂದ ಪ್ರತಿ ಮಗುವಿನ ಹೆಸರಿನ ಮುಂದೆ ಓದು, ಲೆಕ್ಕ, ಹಿಂದಿನ ವರ್ಷದ ಹಾಜರಿ ಎಂದು ಮೂರು ಅಂಕಣ ಗೀಟು ಹಾಕಿ. ಹಾಜರಿ ಪುಸ್ತಕ ಕೇಳಿ ಪಡೆಯಿರಿ. ತಾಂಡಾದ ಮಕ್ಕಳು ತಂದೆ-ತಾಯಿಯ ಜೊತೆ ಮುಂಬೈ, ಪುಣೆ, ಹೈದರಾಬಾದಿಗೆ ಹೋದ ತಿಂಗಳುಗಳು ಅಲ್ಲಿ ಕಾಣುತ್ತವೆ. ತೊಗರಿ ರಾಶಿಯ ದಿನಗಳೂ ಕಾಣುತ್ತವೆ. ಹಾಜರಿ ಚೆನ್ನಾಗಿದ್ದೂ ಓದು ಬಾರದ ಮಕ್ಕಳೇ ಹೆಚ್ಚಾಗಿದ್ದರೆ, ಆ ತರಗತಿಗೆ ಎಷ್ಟು ದಿನ ಗುರುಗಳು ಇದ್ದರು ಎಂದು ವಿನಯದಿಂದಲೇ ಕೇಳಿ. ಹೆಚ್ಚಿನ ಸಲ ಉತ್ತರ ಖಾಲಿ ಹುದ್ದೆಯ ಹತ್ತಿರ ಬಂದು ನಿಲ್ಲುತ್ತದೆ.

ಈಗ ಹಣ. ಯಾವ ಕೊರತೆಗೆ ಯಾವ ಬಾಗಿಲು ಎಂಬುದು ಗೊತ್ತಿರದಿದ್ದರೆ ವರ್ಷವಿಡೀ ಅಲೆದಾಟವೇ. ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನ ಮಕ್ಕಳ ಸಂಖ್ಯೆಯ ಮೇಲೆ ನಿಂತಿದೆ: 30ರವರೆಗೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000. ಅದರಲ್ಲಿ ಕನಿಷ್ಠ ಶೇ 10 ಸ್ವಚ್ಛತೆಗೆ ಹೋಗಬೇಕು. ಉಳಿದದ್ದು ಸುಣ್ಣ-ಬಣ್ಣ, ಬೀಗ, ರಿಜಿಸ್ಟರು, ವಿದ್ಯುತ್ ಬಿಲ್ಲಿಗೇ ಸರಿಹೋಗುತ್ತದೆ. ಈ ಹಣದಲ್ಲಿ ಫಲಿತಾಂಶ ಬದಲಿಸಿ ಎಂದು ಮುಖ್ಯಗುರುಗಳನ್ನು ಒತ್ತಾಯಿಸುವುದು ಅನ್ಯಾಯ. ನೂರರ ಅಂಚಿನಲ್ಲಿರುವ ಶಾಲೆಗೆ ಒಂದೆರಡು ಮಕ್ಕಳ ದಾಖಲಾತಿಯೂ ದೊಡ್ಡದು. ಹಾಗಾಗಿ ಯುಡೈಸ್ (ಶಾಲೆ, ಮಕ್ಕಳ ವಿವರ ದಾಖಲಿಸುವ ಸರ್ಕಾರಿ ವ್ಯವಸ್ಥೆ) ಮಾಹಿತಿ ತುಂಬುವ ಹೊತ್ತಿನಲ್ಲಿ ಯಾವ ಮಗುವೂ ಬಿಟ್ಟುಹೋಗದಂತೆ ಮುಖ್ಯಗುರುಗಳ ಜೊತೆ ಕುಳಿತು ಪಟ್ಟಿ ನೋಡಿ.

ಕಾಂಪೌಂಡ್ ಗೋಡೆ, ಆಟದ ಮೈದಾನಕ್ಕೆ ಗ್ರಾಮ ಪಂಚಾಯಿತಿಯ ಬಾಗಿಲು ಬಡಿಯಿರಿ. ಉದ್ಯೋಗ ಖಾತರಿಯಲ್ಲಿ ಇಂಥ ಕೆಲಸಗಳು ನಮ್ಮ ಕಡೆ ಎಷ್ಟೋ ಆಗಿವೆ. ಹೊಸ ಕೊಠಡಿಗೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ. ಸಂವಿಧಾನದ 371(ಜೆ) ವಿಧಿಯಿಂದ ಬಂದ ಆ ಹಣ ನಮ್ಮ ಹಿಂದುಳಿದಿರುವಿಕೆಯನ್ನು ನೀಗಿಸಲೆಂದೇ ಇರುವುದು. ಮಂಡಳಿಯ ಕ್ರಿಯಾಯೋಜನೆ ತಯಾರಾಗುವ ಮೊದಲೇ ಶಾಸಕರ ಕಚೇರಿಗೆ ಮನವಿ ತಲುಪಿರಬೇಕು, ಆಮೇಲೆ ಹೋದರೆ ಮುಂದಿನ ವರ್ಷವೇ ಗತಿ.

ಆದರೆ ನನ್ನನ್ನು ಕೇಳಿದರೆ, ಕೊಠಡಿಗಿಂತ ಮೊದಲು ಶಿಕ್ಷಕರನ್ನು ಕೇಳಿ. ಕಟ್ಟಡದ ಉದ್ಘಾಟನೆಗೆ ಎಲ್ಲರೂ ಬರುತ್ತಾರೆ. ಗಣಿತದ ಹುದ್ದೆ ಖಾಲಿ ಇದೆ ಎಂದು ಮಾತನಾಡುವವರು ನಾವಷ್ಟೇ. ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿಗೆ 30 ಮಕ್ಕಳಿಗೆ ಒಬ್ಬರು, ಆರರಿಂದ ಎಂಟಕ್ಕೆ 35 ಮಕ್ಕಳಿಗೆ ಒಬ್ಬರು ಇರಬೇಕು. 26ನೇ ಕಲಂ ಇನ್ನೂ ಸ್ಪಷ್ಟ: ಶಾಲೆಯಲ್ಲಿ ಖಾಲಿ ಹುದ್ದೆ ಮಂಜೂರಾದ ಹುದ್ದೆಗಳ ಶೇ 10 ಮೀರಬಾರದು. ಐದು ಹುದ್ದೆಗಳ ಶಾಲೆಯಲ್ಲಿ ಒಂದು ಖಾಲಿ ಬಿದ್ದರೂ ಅದು ಶೇ 20 ಆಯಿತು.

ಮನವಿ ಪತ್ರ ಒಂದೇ ಪುಟದಲ್ಲಿರಲಿ. ಮೇಲೆ ಮಂಜೂರಾದ ಹುದ್ದೆ, ಭರ್ತಿಯಾದದ್ದು, ಖಾಲಿ ಇರುವುದು. ಅದರ ಕೆಳಗೆ ಐದನೇ ತರಗತಿಯಲ್ಲಿ ಎಷ್ಟು ಮಕ್ಕಳು ಎರಡನೆಯ ತರಗತಿಯ ಪಾಠ ಓದುತ್ತಾರೆ, ಎಷ್ಟು ಮಕ್ಕಳು ಕಳೆಯುವ ಲೆಕ್ಕ ಮಾಡುತ್ತಾರೆ ಎಂಬ ಎರಡು ಸಾಲು. ಮಕ್ಕಳ ಹೆಸರು ಬೇಡ, ಅದು ನಿಮ್ಮ ನೋಟ್‌ಬುಕ್ಕಿನಲ್ಲೇ ಉಳಿಯಲಿ. ಕೊನೆಗೆ ಒಂದೇ ಬೇಡಿಕೆ: ಕಾಯಂ ಶಿಕ್ಷಕರು ಬರುವವರೆಗೆ ಅತಿಥಿ ಶಿಕ್ಷಕರನ್ನು ಕೊಡಿ. ಸಮಿತಿಯ ಠರಾವಿನ ಪ್ರತಿ ಲಗತ್ತಿಸಿ. ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯ ಆವಕ ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮುದ್ರೆ, ತಾರೀಖು, ಆವಕ ಸಂಖ್ಯೆ ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ. ಕೈಗೆ ಕೊಟ್ಟ ಅರ್ಜಿಗೆ ಸಾಕ್ಷಿ ಇಲ್ಲ.

ಇದನ್ನೆಲ್ಲ ಶಾಲಾ ಅಭಿವೃದ್ಧಿ ಯೋಜನೆಯಲ್ಲೂ ಬರೆಸಿ. ಮೂರು ವರ್ಷದ ಆ ಯೋಜನೆಯನ್ನು ಸಿದ್ಧಪಡಿಸುವುದು ಕಾಯ್ದೆ ಸಮಿತಿಗೇ ವಹಿಸಿದ ಕೆಲಸ. ಡಿಸೆಂಬರ್ ಒಳಗೆ ಮುಗಿಸಿದರೆ ಮುಂದಿನ ಆರ್ಥಿಕ ವರ್ಷಕ್ಕೆ ಕೇಳಲು ಸಮಯ ಸಿಗುತ್ತದೆ. ವಲಸೆ ಹೋಗುವವರ ಮಕ್ಕಳ ಎಣಿಕೆಯನ್ನು ಅದರಲ್ಲಿ ಬೇರೆಯಾಗಿ ತೋರಿಸಿ, ಹೆತ್ತವರು ವಲಸೆ ಹೋದ ತಿಂಗಳುಗಳಲ್ಲಿ ಮಕ್ಕಳು ಉಳಿದು ಓದುವ ಹಂಗಾಮಿ ವಸತಿ ನಿಲಯ ಕೇಳಲು ಅದೇ ಆಧಾರ. ಫೆಬ್ರುವರಿಯಲ್ಲಿ ಅದೇ ಮಕ್ಕಳನ್ನು, ಅದೇ ವರಾಂಡದಲ್ಲಿ, ಬೇರೊಂದು ಪಾಠದಿಂದ ಮತ್ತೆ ಓದಿಸಿ. ಬಂದ ಅಂಕಿಗಳನ್ನು ಹಳೆಯ ಮನವಿಯ ಆವಕ ಸಂಖ್ಯೆಯೊಂದಿಗೆ ಎರಡನೇ ಪತ್ರದಲ್ಲಿ ಬರೆದು ಕಳುಹಿಸಿ.