ಕ್ರೂಸ್ ಕಂಟ್ರೋಲ್ ವೇಗ ಹಿಡಿಯದಿದ್ದರೆ ಬ್ರೇಕ್ ಸ್ವಿಚ್ ನೋಡಿ

ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಕಾರಿನ ಕ್ರೂಸ್ (ಆಕ್ಸಿಲರೇಟರ್ ಒತ್ತದೆಯೇ ವೇಗವನ್ನು ಒಂದೇ ಮಟ್ಟದಲ್ಲಿಡುವ ವ್ಯವಸ್ಥೆ) ಬಟನ್ ಒತ್ತಿದರೆ ಮೀಟರ್‌ನಲ್ಲಿ ದೀಪ ಬರುತ್ತಿತ್ತು. ‘ಸೆಟ್’ ಒತ್ತಿದರೆ ವೇಗ ಮಾತ್ರ ಒಂದೇ ಮಟ್ಟದಲ್ಲಿ ನಿಲ್ಲುತ್ತಿರಲಿಲ್ಲ. ಫ್ಯೂಸ್ ಬದಲಿಸಿದ್ದು, ಬ್ಯಾಟರಿ ತಂತಿ ಬಿಚ್ಚಿ ಹಾಕಿದ್ದು, ಸ್ಟೀರಿಂಗ್ ಬಟನ್ ಬದಲಿಸಿದ್ದು ಯಾವುದೂ ಫಲಿಸಲಿಲ್ಲ.

ದೋಷವಿದ್ದದ್ದು ಬ್ರೇಕ್ ಪೆಡಲ್ ಮೇಲಿನ ಸ್ವಿಚ್‌ನಲ್ಲಿ. ಹಿಂದಿನ ಬ್ರೇಕ್ ದೀಪ ಸರಿಯಾಗಿ ಉರಿಯುತ್ತಿದೆ ಎಂದು ಅದನ್ನು ಕೈಬಿಡಬೇಡಿ. ಹಲವು ಕಾರುಗಳಲ್ಲಿ ಈ ಸ್ವಿಚ್‌ಗೆ ಎರಡು ಸರ್ಕ್ಯೂಟ್: ಒಂದು ದೀಪಕ್ಕೆ, ಇನ್ನೊಂದು ಎಂಜಿನ್ ಕಂಪ್ಯೂಟರ್‌ಗೆ. ಎರಡನೆಯದು ಕೆಟ್ಟರೆ ಕಾಲಿಡದಿದ್ದರೂ ಕಂಪ್ಯೂಟರ್‌ಗೆ ಬ್ರೇಕ್ ಒತ್ತಿದಂತೆಯೇ ಲೆಕ್ಕವಾಗಬಹುದು; ಆಗ ಕ್ರೂಸ್ ಹಿಡಿಯುವುದಿಲ್ಲ. ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ತೋರಿಸಿದ್ದೂ ಅದನ್ನೇ. ಹೊಸ ಸ್ವಿಚ್ ಕೂರಿಸಿ, ಪೆಡಲ್ ಬಿಟ್ಟಾಗ ಅದರ ಕಡ್ಡಿ ಪೂರ್ತಿ ಒಳಹೋಗುವಂತೆ ಹೊಂದಿಸಿದ ಮೇಲೆ ಸರಿಯಾಯಿತು.

ಪರೀಕ್ಷೆ ಖಂಡಾಲಾ ಘಾಟ್‌ನಲ್ಲಿ ಬೇಡವೇ ಬೇಡ. ಲೋಣಾವಳಾ ದಾಟಿ, ದಟ್ಟಣೆಯಿಲ್ಲದ ನೇರ ರಸ್ತೆಯಲ್ಲಿ 80ಕ್ಕೆ ಸೆಟ್ ಮಾಡಿ. ಬ್ರೇಕ್ ಮುಟ್ಟಿದ ಕೂಡಲೇ ಕ್ರೂಸ್ ಬಿಡಬೇಕು. ‘ರೆಸ್ಯೂಮ್’ ಒತ್ತಿದರೆ 80ಕ್ಕೆ ಮರಳಬೇಕು. ಮ್ಯಾನುಯಲ್ ಗೇರ್ ಇದ್ದರೆ ಕ್ಲಚ್ ಒತ್ತಿಯೂ ನೋಡಿ; ಬಹುತೇಕ ಕಾರುಗಳಲ್ಲಿ ಆಗಲೂ ಕ್ರೂಸ್ ಬಿಡಬೇಕು.