ತಪ್ಪಿನ ಕಿರ್ದಿ: ಕೆಲಸದಲ್ಲೂ ಮನೆಯಲ್ಲೂ ಬೆಳೆಯಲು ದಿನಕ್ಕೆ ಹತ್ತು ನಿಮಿಷದ ಅಭ್ಯಾಸ

ಲೆಕ್ಕಪತ್ರ ವಿಭಾಗದಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಕೆಲಸ ಮಾಡಿ, ಹೊಸದಾಗಿ ಸೇರಿದವರಿಗೆ ಕೆಲಸ ಕಲಿಸುವ ಹೊಣೆಯನ್ನೂ ಹೊತ್ತಿರುವ ನನಗೆ, ಯಾರು ಬೇಗ ಬೆಳೆಯುತ್ತಾರೆಂಬುದನ್ನು ಅವರ ಅಂಕಪಟ್ಟಿ ನೋಡಿ ಹೇಳಲು ಎಂದೂ ಸಾಧ್ಯವಾಗಿಲ್ಲ. ಮೊದಲ ದೊಡ್ಡ ತಪ್ಪಾದ ಮರುದಿನ ಅವರು ಏನು ಮಾಡುತ್ತಾರೆಂಬುದನ್ನು ನೋಡಿದರೆ ಮಾತ್ರ ಬಹುಮಟ್ಟಿಗೆ ತಿಳಿಯುತ್ತದೆ. ಕೆಲವರು ತಪ್ಪನ್ನು ಮರೆಯಲು ಯತ್ನಿಸುತ್ತಾರೆ, ಕೆಲವರು ತಮ್ಮನ್ನೇ ಹಳಿದುಕೊಂಡು ವಾರವಿಡೀ ಕುಗ್ಗುತ್ತಾರೆ; ಅಪರೂಪಕ್ಕೆ ಒಬ್ಬರು ಮಾತ್ರ ಆ ತಪ್ಪು ಯಾವ ಹೆಜ್ಜೆಯಲ್ಲಿ ಹುಟ್ಟಿತೆಂದು ಹುಡುಕಿಕೊಂಡು ಹಿಂದಕ್ಕೆ ಹೋಗುತ್ತಾರೆ. ಈ ಮೂರನೆಯ ಬಗೆ ಹುಟ್ಟುಗುಣವಲ್ಲ, ಕೈಯಿಂದ ಮಾಡಿ ಕಲಿಯಬಹುದಾದ ಅಭ್ಯಾಸ ಎಂದು ನಾನು ನಂಬಿದ್ದೇನೆ. ಅದನ್ನು ಬೆಳೆಸಿಕೊಳ್ಳುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಇದಕ್ಕೆ ಬೇಕಾದದ್ದು ಇನ್ನೂರು ಪುಟದ ಒಂದು ಸಾಮಾನ್ಯ ನೋಟ್‌ಬುಕ್ ಮತ್ತು ಒಂದು ಪೆನ್ನು. ಹಳೆಯ ಅಂಗಡಿಗಳಲ್ಲಿ ಪ್ರತಿದಿನ ಬಾಗಿಲು ಹಾಕುವ ಮೊದಲು ಕಿರ್ದಿ, ಅಂದರೆ ದಿನದ ಜಮಾ-ಖರ್ಚಿನ ಪುಸ್ತಕ ಬರೆದು, ಅಖೈರು ಶಿಲ್ಕು (ದಿನದ ಕೊನೆಗೆ ಉಳಿದ ಹಣ) ತಾಳೆಯಾದ ಮೇಲೆಯೇ ದೀಪ ಆರಿಸುತ್ತಿದ್ದರು. ಆ ಪುಸ್ತಕದಲ್ಲಿ ತಪ್ಪು ಬರೆದಿದ್ದರೆ ಅದನ್ನು ಅಳಿಸುವಂತಿರಲಿಲ್ಲ. ಓದಲು ಕಾಣುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಹಾಕಬೇಕಿತ್ತು. ತಪ್ಪೂ ಉಳಿಯುತ್ತದೆ, ತಿದ್ದುಪಡಿಯೂ ಉಳಿಯುತ್ತದೆ. ನಮ್ಮ ಮನಸ್ಸಿನ ಲೆಕ್ಕವನ್ನೂ ಇದೇ ಶಿಸ್ತಿನಲ್ಲಿ ಇಡಲು ಸಾಧ್ಯವಿದೆ.

ಪ್ರತಿದಿನ ನಾಲ್ಕು ಸಾಲು ಸಾಕು. ಇವತ್ತು ಎಲ್ಲಿ ತಪ್ಪಾಯಿತು ಅಥವಾ ಎಲ್ಲಿ ಕೈ ತಡೆಯಿತು ಎಂಬುದು ಮೊದಲ ಸಾಲು. ಅದು ಏಕಾಯಿತು ಎಂಬುದು ಎರಡನೆಯದು. ಮೂರನೆಯದು, ನಾಳೆ ಯಾವ ವಸ್ತುವನ್ನು, ಯಾವ ಕ್ರಮವನ್ನು ಬದಲಿಸುತ್ತೇನೆ ಎಂಬುದು. ಕೊನೆಯದಾಗಿ, ನಿನ್ನೆ ಬರೆದ ಬದಲಾವಣೆ ಇವತ್ತು ನಡೆಯಿತೇ ಇಲ್ಲವೇ ಎಂಬುದನ್ನು ಬರೆಯಿರಿ. ನೋಡಲು ಸುಲಭವಾಗಿ ಕಾಣುವ ಈ ನಾಲ್ಕರಲ್ಲಿ ಹೆಚ್ಚಿನವರು ಎಡವುವುದು ಎರಡನೆಯ ಸಾಲಿನಲ್ಲಿ, ಆದ್ದರಿಂದ ಅಲ್ಲಿ ಸ್ವಲ್ಪ ನಿಲ್ಲುತ್ತೇನೆ.

ನನ್ನದೇ ಪುಸ್ತಕದ ಒಂದು ಪುಟವನ್ನು ತೆಗೆದುಕೊಳ್ಳೋಣ. ನಮ್ಮ ಗ್ರಾಹಕರೊಬ್ಬರಿಗೆ ಬೆಂಗಳೂರಿನಲ್ಲೂ ಹೊಸೂರಿನಲ್ಲೂ ಶಾಖೆಗಳಿದ್ದವು. ಜಿಎಸ್‌ಟಿ ಸಂಖ್ಯೆಯ ಹದಿನೈದು ಅಕ್ಷರಗಳಲ್ಲಿ ಮೊದಲ ಎರಡು ಅಂಕಿಗಳು ರಾಜ್ಯವನ್ನು ಸೂಚಿಸುತ್ತವೆ; ಕರ್ನಾಟಕಕ್ಕೆ 29, ತಮಿಳುನಾಡಿಗೆ 33. ಹೊಸೂರಿಗೆ ಹೋದ ಸರಕಿಗೆ ನಾನು ಬೆಂಗಳೂರು ಶಾಖೆಯ ಹೆಸರಿನಲ್ಲಿ ಬಿಲ್ ಮಾಡಿದ್ದರಿಂದ, ಐಜಿಎಸ್‌ಟಿ (ರಾಜ್ಯಗಳ ನಡುವಿನ ಮಾರಾಟದ ತೆರಿಗೆ) ಬೀಳಬೇಕಾದ ಕಡೆ ರಾಜ್ಯದೊಳಗಿನ ಮಾರಾಟಕ್ಕೆ ಹಾಕುವ ಸಿಜಿಎಸ್‌ಟಿ ಮತ್ತು ಎಸ್‌ಜಿಎಸ್‌ಟಿ ಬಿದ್ದಿತ್ತು. ರಿಟರ್ನ್ ಸಲ್ಲಿಸಿಯಾದ ಮೇಲೆ ಗ್ರಾಹಕರ ಕಡೆಯಿಂದ ಫೋನ್ ಬಂದಾಗಲೇ ನನಗೆ ಗೊತ್ತಾದದ್ದು. ಆ ಸಂಜೆ ನಾನು ಎರಡನೆಯ ಸಾಲಿನಲ್ಲಿ ಬರೆದದ್ದು, ‘ಗಮನ ಇರಲಿಲ್ಲ, ಇನ್ನು ಮುಂದೆ ಜಾಗ್ರತೆ ವಹಿಸಬೇಕು’ ಎಂದು. ಎರಡು ತಿಂಗಳ ನಂತರ ಅದೇ ತಪ್ಪು ಮತ್ತೆ ಆಯಿತು.

ಎರಡನೆಯ ಬಾರಿ, ಕಾರ್ಖಾನೆಗಳಲ್ಲಿ ಬಳಸುವ ವಿಧಾನವೊಂದನ್ನು ಅನುಸರಿಸಿದೆ. ಬಿಡದಿಯಲ್ಲಿಯೂ ಕಾರ್ಖಾನೆ ನಡೆಸುವ ಟೊಯೋಟಾ ಕಂಪನಿಯು ಜಪಾನಿನಲ್ಲಿ ರೂಢಿಗೆ ತಂದ ಈ ವಿಧಾನದಲ್ಲಿ, ತೊಂದರೆ ಕಂಡಾಗ ‘ಏಕೆ’ ಎಂಬ ಪ್ರಶ್ನೆಯನ್ನು ಒಂದರ ಮೇಲೊಂದರಂತೆ ಐದು ಬಾರಿ ಕೇಳಿಕೊಳ್ಳುತ್ತಾರೆ. ತಪ್ಪು ತೆರಿಗೆ ಏಕೆ ಬಿತ್ತು? ತಪ್ಪು ಶಾಖೆಯನ್ನು ಆರಿಸಿದ್ದರಿಂದ. ಏಕೆ ಆರಿಸಿದೆ? ಪಟ್ಟಿಯಲ್ಲಿ ಎರಡು ಹೆಸರುಗಳೂ ಒಂದೇ ತರಹ ಕಾಣುತ್ತಿದ್ದವು. ಏಕೆ ಹಾಗೆ ಕಾಣುತ್ತಿದ್ದವು? ಲೆಕ್ಕ ಬರೆಯುವ ತಂತ್ರಾಂಶವಾದ ಟ್ಯಾಲಿಯಲ್ಲಿ ಖಾತೆ ತೆರೆಯುವಾಗ ಊರಿನ ಹೆಸರು ಕೊನೆಯಲ್ಲಿ ಸೇರಿದ್ದರಿಂದ ಅದು ಪರದೆಯ ಮೇಲೆ ಮರೆಯಾಗುತ್ತಿತ್ತು. ಏಕೆ ಕೊನೆಯಲ್ಲಿ ಸೇರಿತ್ತು? ಖಾತೆಗೆ ಹೆಸರಿಡುವ ನಿಯಮವೇ ನಮ್ಮಲ್ಲಿ ಇರಲಿಲ್ಲ. ನಾಲ್ಕನೆಯ ಪ್ರಶ್ನೆಗೇ ಉತ್ತರ ಸಿಕ್ಕಿತ್ತು. ಊರಿನ ಹೆಸರನ್ನೂ ರಾಜ್ಯದ ಸಂಖ್ಯೆಯನ್ನೂ ಮೊದಲಿಗೆ ತಂದು, ‘ಹೊಸೂರು 33’, ‘ಬೆಂಗಳೂರು 29’ ಎಂದು ಖಾತೆಗಳ ಹೆಸರು ಬದಲಿಸಿದೆವು. ಈ ಕೆಲಸಕ್ಕೆ ಹಿಡಿದದ್ದು ಅರ್ಧ ಗಂಟೆ. ಅಂದಿನಿಂದ ಆ ತಪ್ಪು ನನ್ನಿಂದಲೂ ಆಗಿಲ್ಲ, ನನ್ನ ಪಕ್ಕದಲ್ಲಿ ಕೂರುವವರಿಂದಲೂ ಆಗಿಲ್ಲ.

‘ಜಾಗ್ರತೆ ವಹಿಸಬೇಕು’ ಎಂಬ ವಾಕ್ಯವನ್ನು ಆಮೇಲೆ ನನ್ನ ಪುಸ್ತಕದಿಂದ ಸಂಪೂರ್ಣವಾಗಿ ಹೊರಗಿಟ್ಟಿದ್ದೇನೆ. ನೀವೂ ಹೊರಗಿಡಬೇಕೆಂದು ಕೇಳಿಕೊಳ್ಳುತ್ತೇನೆ. ಜಾಗ್ರತೆ, ಶ್ರದ್ಧೆ, ಗಮನ, ಪ್ರಯತ್ನ ಎಂಬ ಪದಗಳು ಎರಡನೆಯ ಅಥವಾ ಮೂರನೆಯ ಸಾಲಿನಲ್ಲಿ ಕಂಡರೆ, ಕಾರಣ ಇನ್ನೂ ಸಿಕ್ಕಿಲ್ಲ ಎಂದೇ ತಿಳಿಯಬೇಕು. ಮೂರನೆಯ ಸಾಲಿನಲ್ಲಿ ಬರೆಯುವ ಬದಲಾವಣೆ ಕಣ್ಣಿಗೆ ಕಾಣುವಂಥದ್ದಾಗಿರಬೇಕು: ಒಂದು ಹೆಸರು, ಒಂದು ಜಾಗ, ಒಂದು ಸಮಯ, ಒಂದು ಪಟ್ಟಿ, ಕೇಳಬೇಕಾದ ಒಂದು ಪ್ರಶ್ನೆ.

ಇದೇ ಎಚ್ಚರವನ್ನು ನಮ್ಮ ಬಗ್ಗೆ ನಾವು ಬಳಸುವ ಭಾಷೆಯಲ್ಲೂ ಇಡಬೇಕು. ‘ನನಗೆ ಎಕ್ಸೆಲ್ ಬರುವುದಿಲ್ಲ’ ಎಂದು ಬರೆದರೆ ಅದು ತೀರ್ಪು. ‘ಇವತ್ತಿನ ಪಿವೋಟ್ ಟೇಬಲ್‌ನಲ್ಲಿ ತಾರೀಖುಗಳು ಪಠ್ಯವಾಗಿ ಉಳಿದದ್ದರಿಂದ ತಿಂಗಳುವಾರು ಮೊತ್ತ ಬರಲಿಲ್ಲ’ ಎಂದು ಬರೆದರೆ ಅದು ಘಟನೆ. ತೀರ್ಪಿಗೆ ಮದ್ದಿಲ್ಲ, ಘಟನೆಗೆ ಇದೆ. ಮನಃಶಾಸ್ತ್ರಜ್ಞೆಯರಾದ ಕ್ಲೌಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ ಅವರು 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ‘ನೀನು ಬುದ್ಧಿವಂತ’ ಎಂದು ಹೊಗಳಿಸಿಕೊಂಡ ಐದನೆಯ ತರಗತಿಯ ಮಕ್ಕಳು, ಶ್ರಮಕ್ಕಾಗಿ ಹೊಗಳಿಸಿಕೊಂಡ ಮಕ್ಕಳಿಗಿಂತ, ಸೋಲಿನ ನಂತರ ಬೇಗ ಹಿಂಜರಿದರು. ಹೊಗಳಿಕೆಯಾಗಲಿ ತೆಗಳಿಕೆಯಾಗಲಿ, ವ್ಯಕ್ತಿಗೆ ಅಂಟಿಕೊಂಡರೆ ಆಗುವ ಹಾನಿ ಇದು. ನಮ್ಮ ಮನೆಗಳಲ್ಲಿ ‘ಇವನು ಗಣಿತದಲ್ಲಿ ದಡ್ಡ’ ಎಂದು ನೆಂಟರ ಮುಂದೆ ಹೇಳುವುದನ್ನೂ ‘ಇವಳು ಮೊದಲಿನಿಂದಲೂ ಜಾಣೆ’ ಎಂದು ಹೇಳುವುದನ್ನೂ ಕೇಳುವಾಗ ನನಗೆ ಈ ಪ್ರಯೋಗ ನೆನಪಾಗಿ ಸಂಕಟವಾಗುತ್ತದೆ.

ಮನೋಭಾವ ಬದಲಾದರೆ ಎಲ್ಲವೂ ಬದಲಾಗುತ್ತದೆಂಬ ಉತ್ಪ್ರೇಕ್ಷೆಯನ್ನು ಮಾತ್ರ ನಂಬಬೇಡಿ. ಅಮೆರಿಕದಲ್ಲಿ ಸುಮಾರು 12,000 ವಿದ್ಯಾರ್ಥಿಗಳೊಂದಿಗೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ‘ಸಾಮರ್ಥ್ಯ ಬೆಳೆಯಬಲ್ಲದು’ ಎಂದು ತಿಳಿಸುವ ಒಂದು ಗಂಟೆಗೂ ಕಡಿಮೆ ಅವಧಿಯ ಪಾಠದಿಂದ, ಓದಿನಲ್ಲಿ ಹಿಂದಿದ್ದವರ ಸರಾಸರಿ ಗ್ರೇಡ್ ಸುಮಾರು 0.1 ಅಂಶದಷ್ಟು ಏರಿತು. ಏರಿಕೆ ನಿಜ, ಆದರೆ ಚಿಕ್ಕದು. ನಂಬಿಕೆ ಬಾಗಿಲು ತೆರೆಯುತ್ತದೆ. ಒಳಗೆ ಹೋಗಲು ದಿನದ ಕೆಲಸವೇ ಬೇಕು.

ಯಾವಾಗ ಬರೆಯಬೇಕು ಎಂಬ ಪ್ರಶ್ನೆಯನ್ನು ಲಘುವಾಗಿ ಕಾಣಬೇಡಿ. ‘ಸಮಯ ಸಿಕ್ಕಾಗ ಬರೆಯುತ್ತೇನೆ’ ಎಂದವರ ಪುಸ್ತಕ ಮೂರನೆಯ ಪುಟದಲ್ಲಿ ನಿಂತಿರುವುದನ್ನು ನಾನು ಅನೇಕ ಬಾರಿ ಕಂಡಿದ್ದೇನೆ. ಜರ್ಮನಿಯ ಮನಃಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ ತೋರಿಸಿಕೊಟ್ಟಂತೆ, ‘ಇಂಥದ್ದು ಆದ ಕೂಡಲೇ ಇಂಥದ್ದು ಮಾಡುತ್ತೇನೆ’ ಎಂದು ಮೊದಲೇ ಗಂಟು ಹಾಕಿಟ್ಟ ಸಂಕಲ್ಪವು ಬರಿಯ ಸಂಕಲ್ಪಕ್ಕಿಂತ ಹೆಚ್ಚು ನೆರವೇರುತ್ತದೆ. ಸಂಜೆ ಕಾಫಿ ಕುಡಿದು ಲೋಟ ತೊಳೆದಿಟ್ಟ ಕೂಡಲೇ ಬರೆಯುವುದು ನನ್ನ ಕ್ರಮ. ಲೋಟ ಬೋರಲು ಹಾಕುವ ಕಟ್ಟೆಯ ಪಕ್ಕದ ಗೂಡಿನಲ್ಲೇ ನೋಟ್‌ಬುಕ್ ಇದೆ, ಪೆನ್ನು ಅದರ ಸುರುಳಿಯಲ್ಲೇ ಸಿಕ್ಕಿಸಿದೆ. ನೀವು ದೇವರಿಗೆ ದೀಪ ಹಚ್ಚಿದ ಮೇಲೆ ಎಂದೋ, ಮೆಟ್ರೋದಲ್ಲಿ ಸೀಟು ಸಿಕ್ಕ ಮೇಲೆ ಎಂದೋ ಗೊತ್ತುಮಾಡಿಕೊಳ್ಳಬಹುದು. ಗಡಿಯಾರದ ಗಂಟೆಗಿಂತ, ಹೇಗೂ ತಪ್ಪದೆ ನಡೆಯುವ ಇನ್ನೊಂದು ಕೆಲಸಕ್ಕೆ ಕಟ್ಟಿದರೆ ಅಭ್ಯಾಸ ಗಟ್ಟಿಯಾಗಿ ನಿಲ್ಲುತ್ತದೆ.

ಇಪ್ಪತ್ತೊಂದು ದಿನಕ್ಕೆ ಅಭ್ಯಾಸ ಕೈಗೂಡುತ್ತದೆ ಎಂಬ ಮಾತು ಚಾಲ್ತಿಯಲ್ಲಿದೆ, ಅದನ್ನು ನಂಬಿ ಇಪ್ಪತ್ತೆರಡನೆಯ ದಿನ ನಿರಾಶರಾಗಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲಾಲಿ ಮತ್ತು ಸಂಗಡಿಗರು 96 ಮಂದಿಯನ್ನು ಹನ್ನೆರಡು ವಾರ ಗಮನಿಸಿ ನಡೆಸಿದ ಅಧ್ಯಯನದಲ್ಲಿ, ಒಂದು ಕೆಲಸ ತಾನಾಗಿಯೇ ನಡೆಯುವ ಹಂತ ತಲುಪಲು ಬೇಕಾಗುವ ಕಾಲ, ಆ ಹನ್ನೆರಡು ವಾರಗಳ ಗತಿಯಿಂದ ಮುಂದಕ್ಕೆ ಲೆಕ್ಕ ಹಾಕಿದಾಗ, 18 ದಿನದಿಂದ 254 ದಿನದವರೆಗೆ ಇತ್ತು; ಮಧ್ಯದ ಅಂದಾಜು 66 ದಿನ. ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟವಾಗುವುದಿಲ್ಲ ಎಂಬುದನ್ನೂ ಅವರು ಕಂಡುಕೊಂಡರು. ಆದ್ದರಿಂದ ಹಬ್ಬಕ್ಕೆ ಊರಿಗೆ ಹೋಗಿ ಎರಡು ದಿನ ಬಿಟ್ಟುಹೋದರೆ, ಬಿಟ್ಟ ದಿನಗಳನ್ನು ತುಂಬಲು ಹೋಗದೆ ಇವತ್ತಿನ ತಾರೀಖು ಹಾಕಿ ಮುಂದುವರಿಸಿ.

ಪುಸ್ತಕ ಒಂದು ತಿಂಗಳು ನಡೆದ ಮೇಲೆ ಕೆಲವು ತೊಡಕುಗಳು ಮತ್ತೆ ಮತ್ತೆ ಬರುವುದು ಕಾಣಿಸುತ್ತದೆ. ಅಲ್ಲಿ ಬೇಕಾದದ್ದು ಅಭ್ಯಾಸ, ಅದರಲ್ಲೂ ಸಂಗೀತದ ಮೇಷ್ಟರು ಮಾಡಿಸುವಂಥ ಅಭ್ಯಾಸ. ಕರ್ನಾಟಕ ಸಂಗೀತದ ಮೊದಲ ಪಾಠವಾದ ಸರಳೆ ವರಸೆಯನ್ನು ಮಾಯಾಮಾಳವಗೌಳ ರಾಗದಲ್ಲಿ ಮೂರು ಕಾಲಗಳಲ್ಲಿ, ಅಂದರೆ ಮೂರು ವೇಗಗಳಲ್ಲಿ ಹಾಡಿಸುವಾಗ, ಮೂರನೆಯ ಕಾಲದಲ್ಲಿ ಸ್ವರ ಜಾರಿದರೆ ಒಳ್ಳೆಯ ಗುರುಗಳು ಪಾಠವನ್ನು ಮೊದಲಿನಿಂದ ಹಾಡಿಸುವುದಿಲ್ಲ. ಜಾರಿದ ಆವರ್ತವನ್ನಷ್ಟೇ ಹಿಡಿದು, ಮೊದಲ ಕಾಲಕ್ಕೆ ಇಳಿಸಿ, ಸ್ವರ ಶುದ್ಧವಾದ ಮೇಲೆ ಮತ್ತೆ ಏರಿಸುತ್ತಾರೆ. ಇಂಗ್ಲಿಷಿನಲ್ಲಿ ಸಭೆ ನಡೆಸಲು ಹಿಂಜರಿಯುವವರು ಇಡೀ ಭಾಷೆಯನ್ನು ಮತ್ತೆ ಕಲಿಯಲು ಹೊರಡುವ ಬದಲು, ತಮಗೆ ತಡೆಯುವ ಜಾಗ ಯಾವುದೆಂದು ಮೊದಲು ಗುರುತಿಸಬೇಕು. ಸಭೆಯ ಮೊದಲ ಎರಡು ನಿಮಿಷವೇ, ಒಪ್ಪದ ಮಾತಿಗೆ ಉತ್ತರ ಕೊಡುವಾಗಲೇ, ಅಂಕಿಗಳನ್ನು ಹೇಳುವಾಗಲೇ ಎಂದು ತಿಳಿದ ಮೇಲೆ, ಆ ಭಾಗವನ್ನಷ್ಟೇ ನಿಧಾನವಾಗಿ, ಗಟ್ಟಿಯಾಗಿ, ಹತ್ತು ಸಲ ಹೇಳಿಕೊಳ್ಳಬೇಕು. ಓದಿ ಕಲಿಯುವ ವಿಷಯವಾದರೆ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದು ನೋಡಿ. ಮನಃಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ತೋರಿಸಿದಂತೆ, ಒಂದು ವಾರದ ನಂತರ ಹೆಚ್ಚು ನೆನಪಿರುವುದು ಮತ್ತೆ ಮತ್ತೆ ಓದಿದವರಿಗಲ್ಲ, ಹೀಗೆ ತಮ್ಮನ್ನು ತಾವೇ ಪರೀಕ್ಷಿಸಿಕೊಂಡವರಿಗೆ.

ನಮ್ಮ ಕಣ್ಣಿಗೆ ಕಾಣದ ತಪ್ಪುಗಳಿಗೆ ಇನ್ನೊಬ್ಬರ ಕಣ್ಣು ಬೇಕು. ಆದರೆ ‘ಹೇಗಿದೆ ಸರ್?’ ಎಂದು ಕೇಳಿದರೆ ‘ಚೆನ್ನಾಗಿದೆ’ ಎಂಬ ಉತ್ತರವೇ ಬರುತ್ತದೆ, ಏಕೆಂದರೆ ಮುಖ ಮುರಿಯುವುದು ನಮ್ಮವರಿಗೆ ಇಷ್ಟವಿಲ್ಲ. ‘ಸರ್, ಈ ವರದಿಯಲ್ಲಿ ಒಂದು ಪ್ಯಾರಾ ತೆಗೆಯಬೇಕಾದರೆ ಯಾವುದನ್ನು ತೆಗೆಯುತ್ತೀರಿ?’ ಎಂದು ಕೇಳಿ ನೋಡಿ. ಒಮ್ಮೆ ನನ್ನ ಬಳಿ ಕೆಲಸ ಕಲಿಯುತ್ತಿದ್ದ ಹುಡುಗಿ, ‘ಮೇಡಂ, ನಾನು ಎಂಟ್ರಿ ಮಾಡುವುದನ್ನು ಹತ್ತು ನಿಮಿಷ ಸುಮ್ಮನೆ ನೋಡಿ, ಎಲ್ಲಿ ಸಮಯ ಪೋಲಾಗುತ್ತದೆ ಹೇಳುತ್ತೀರಾ?’ ಎಂದಳು. ಪ್ರತಿ ವೋಚರಿಗೂ ಆಕೆ ಮೌಸ್ ಹಿಡಿಯಲು ಕೈ ಎತ್ತುತ್ತಿದ್ದಳು. ನಾಲ್ಕು ಶಾರ್ಟ್‌ಕಟ್ ಕೀಗಳನ್ನು ಚೀಟಿಯಲ್ಲಿ ಬರೆದು ಅಂಟಿಸಿಕೊಟ್ಟೆ. ಅಷ್ಟು ಧೈರ್ಯವಾಗಿ ಕೇಳಿದವರು ಅವಳಿಗಿಂತ ಮೊದಲು ಯಾರೂ ಇರಲಿಲ್ಲ. ಟೀಕೆ ಕೇಳಿದಾಗ ಸಮಜಾಯಿಷಿ ಕೊಡದೆ ಬರೆದುಕೊಳ್ಳಿ, ಒಪ್ಪುವುದೋ ಬಿಡುವುದೋ ಮರುದಿನ ತೀರ್ಮಾನಿಸಿ.

ಮನೆಯ ವಿಷಯಕ್ಕೂ ಇದೇ ಪುಸ್ತಕ ಸಾಕು. ಮಗನ ಮೇಲೆ ರೇಗಿದ ದಿನಗಳನ್ನು ನಾನು ಗುರುತು ಹಾಕುತ್ತ ಬಂದೆ. ಐದು ವಾರದಲ್ಲಿ ಏಳು ಬಾರಿ ರೇಗಿದ್ದೆ, ಏಳೂ ಬಾರಿ ಆಫೀಸಿನಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲೇ ಹೋಂವರ್ಕ್ ಕೇಳಿದ್ದೆ. ನನಗೆ ತಾಳ್ಮೆ ಇಲ್ಲವೆಂದು ಎಷ್ಟೋ ವರ್ಷ ನಂಬಿಕೊಂಡಿದ್ದೆ. ಈಗ ಕೈಕಾಲು ತೊಳೆದು, ಅವನ ಜೊತೆ ಏನಾದರೂ ತಿಂದ ಮೇಲೆಯೇ ಪುಸ್ತಕದ ಚೀಲದ ಮಾತು ಎತ್ತುತ್ತೇನೆ. ರೇಗುವುದು ಪೂರ್ತಿ ನಿಂತಿಲ್ಲ, ಬಹಳ ಕಡಿಮೆಯಾಗಿದೆ.

ಎಲ್ಲ ತೊಂದರೆಗೂ ನಮ್ಮ ಮನೋಭಾವವೇ ಕಾರಣವೆಂದು ತಿಳಿಯುವುದು ತಪ್ಪು. ಮೂವರ ಕೆಲಸವನ್ನು ಒಬ್ಬರ ಮೇಲೆ ಹೇರಿರುವ ಕಡೆ ‘ಏಕೆ’ ಎಂದು ಐದು ಬಾರಿ ಕೇಳಿದರೆ ಉತ್ತರ ನಿಮ್ಮ ಮೇಜಿನ ಆಚೆ ಸಿಗುತ್ತದೆ. ಆಗ ತಾರೀಖು ಸಮೇತ ಬರೆದಿಟ್ಟ ಆ ಪುಟಗಳೇ ಮೇಲಧಿಕಾರಿಯೊಡನೆ ಮಾತಾಡಲು ಆಧಾರವಾಗುತ್ತವೆ. ಇನ್ನು, ವಾರಗಟ್ಟಲೆ ನಿದ್ದೆಯಿಲ್ಲದೆ, ಯಾವುದರಲ್ಲೂ ಆಸಕ್ತಿಯಿಲ್ಲದೆ, ಪುಟವಿಡೀ ತನ್ನನ್ನು ತಾನೇ ಹಳಿದುಕೊಳ್ಳುವ ಮಾತುಗಳೇ ತುಂಬುತ್ತಿದ್ದರೆ ಪುಸ್ತಕವನ್ನು ಪಕ್ಕಕ್ಕಿಟ್ಟು ವೈದ್ಯರನ್ನು ಕಾಣಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮಾರ್ಗದರ್ಶನದಲ್ಲಿ 2022ರಿಂದ ನಡೆಯುತ್ತಿರುವ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಮೂರು ತಿಂಗಳಿಗೊಮ್ಮೆ, ಒಂದು ಭಾನುವಾರ ಬೆಳಿಗ್ಗೆ, ಫೋನನ್ನು ಬೇರೆ ಕೋಣೆಯಲ್ಲಿಟ್ಟು ಪುಸ್ತಕವನ್ನು ಮೊದಲಿನಿಂದ ಓದಿ. ಮೂರನೆಯ ಸಾಲಿನಲ್ಲಿ ಬರೆದ ಬದಲಾವಣೆಗಳಲ್ಲಿ ಉಳಿದುಕೊಂಡದ್ದಕ್ಕೆ ಹಸಿರು ಗುರುತು, ಬಿಟ್ಟುಹೋದದ್ದಕ್ಕೆ ಕೆಂಪು ಗುರುತು ಹಾಕಿ. ಕೆಂಪು ಗುರುತಿನವುಗಳಲ್ಲಿ ಹೆಚ್ಚಿನವು ಅತಿ ದೊಡ್ಡ ಬದಲಾವಣೆಗಳಾಗಿರುತ್ತವೆ. ಅವನ್ನು ಹತ್ತು ನಿಮಿಷದಲ್ಲಿ ಮುಗಿಯುವಷ್ಟು ಚಿಕ್ಕದಾಗಿ ಒಡೆಯಿರಿ. ಆಮೇಲೆ ಹೊಸ ಪುಸ್ತಕ ತೆರೆದು, ಕಿರ್ದಿಯ ಮೊದಲ ಸಾಲಿನಲ್ಲಿ ಆರಂಭದ ಶಿಲ್ಕು ಬರೆಯುವಂತೆ, ಇನ್ನೂ ತೀರದೆ ಉಳಿದ ಮೂರು ವಿಷಯಗಳನ್ನು ಅದರ ಮೊದಲ ಪುಟಕ್ಕೆ ಇಳಿಸಿಕೊಳ್ಳಿ.