ಟರ್ಮಿನಲ್‌ನಿಂದಲೇ ಜಿಎಸ್‌ಎಂ ಬೇಸ್ ಸ್ಟೇಷನ್ ಚಾಲೂ ಮಾಡುವ ಬಗೆ

ಮೊಬೈಲ್ ಬೇಸ್ ಸ್ಟೇಷನ್ನನ್ನು ಒಂದು ಪೆಟ್ಟಿಗೆ ಎಂದು ಎಣಿಸಿ ಕೆಲಸಕ್ಕೆ ಇಳಿದವರು ಸಾಮಾನ್ಯವಾಗಿ ಮೊದಲ ದಿನವೇ ಕಂಗೆಡುತ್ತಾರೆ. ವಿದ್ಯುತ್ ಬಂದಿದೆ, ದೀಪ ಉರಿಯುತ್ತಿದೆ, ಫೋನಿನಲ್ಲಿ ಮಾತ್ರ ಜಾಲದ ಸುಳಿವಿಲ್ಲ. ತಪ್ಪು ಎಲ್ಲಿದೆ ಎಂದು ಹುಡುಕಲು ಎಳೆಯೇ ಸಿಗುವುದಿಲ್ಲ. ನಿಜದಲ್ಲಿ ಅದು ಕೊಂಡಿಗಳ ಸರಪಳಿ. ರೇಡಿಯೋ ಪೆಟ್ಟಿಗೆಯಾದ ಬಿಟಿಎಸ್ ತನ್ನ ನಿಯಂತ್ರಕವಾದ ಬಿಎಸ್‌ಸಿಯನ್ನು, ಬಿಎಸ್‌ಸಿಯು ಸ್ವಿಚ್ಚಾದ ಎಂಎಸ್‌ಸಿಯನ್ನು, ಎಂಎಸ್‌ಸಿಯು ಚಂದಾದಾರರ ದಾಖಲೆಯಾದ ಎಚ್‌ಎಲ್‌ಆರನ್ನು ನೆಚ್ಚಿಕೊಂಡಿವೆ. ಪ್ರತಿಯೊಂದು ಕೊಂಡಿಯ ಸ್ಥಿತಿಯನ್ನೂ ಟರ್ಮಿನಲ್ಲಿನಲ್ಲಿ ಓದಬಹುದು. ಹಿಂದಿನ ಕೊಂಡಿ ನೆಟ್ಟಗೆ ನಿಂತಿರುವುದನ್ನು ಕಣ್ಣಾರೆ ಓದದೆ ಮುಂದಿನದಕ್ಕೆ ಕೈ ಹಾಕಬಾರದು ಎಂಬ ಒಂದೇ ಕ್ರಮವನ್ನು ಇಲ್ಲಿ ಉದ್ದಕ್ಕೂ ಪಾಲಿಸಿದ್ದೇನೆ.

ಉದಾಹರಣೆಗೆ ಆರಿಸಿಕೊಂಡದ್ದು ಓಸ್ಮೋಕಾಮ್ ತಂತ್ರಾಂಶ. 2008ರಲ್ಲಿ ಜರ್ಮನಿಯಲ್ಲಿ ಹರಾಲ್ಡ್ ವೆಲ್ಟೆ, ಡೀಟರ್ ಸ್ಪಾರ್ ಮೊದಲಾದವರು ಸೀಮೆನ್ಸ್ ಕಂಪನಿಯ ಹಳೆಯ ಬಿಎಸ್-11 ಎಂಬ ಬೇಸ್ ಸ್ಟೇಷನ್ನನ್ನು ಸ್ವಂತ ತಂತ್ರಾಂಶದಿಂದ ನಡೆಸಲು ಆರಂಭಿಸಿದ ಓಪನ್‌ಬಿಎಸ್‌ಸಿ ಯೋಜನೆಯೇ ಬೆಳೆದು ಇಂದಿನ ಓಸ್ಮೋಕಾಮ್‌ನ ಜಿಎಸ್‌ಎಂ (ಎರಡನೆಯ ತಲೆಮಾರಿನ ಮೊಬೈಲ್ ಜಾಲ) ಭಾಗವಾಯಿತು. ಇದರ ಮೂಲ ಸಂಕೇತವನ್ನು ಯಾರು ಬೇಕಾದರೂ ಓದಬಹುದು, ಆದ್ದರಿಂದ ಬೇಸ್ ಸ್ಟೇಷನ್ನಿನ ಒಳಗನ್ನು ಕಲಿಯಲು ಇದಕ್ಕಿಂತ ತೆರೆದ ದಾರಿ ನನಗೆ ಗೊತ್ತಿಲ್ಲ. ಒಂದು ಎಚ್ಚರಿಕೆ: 2017ರವರೆಗೆ ಎಲ್ಲವೂ ಓಸ್ಮೋಎನ್‌ಐಟಿಬಿ ಎಂಬ ಒಂದೇ ಪ್ರೋಗ್ರಾಮಿನಲ್ಲಿ ಅಡಗಿತ್ತು, ಆಮೇಲೆ ಅದನ್ನು ಬೇರೆ ಬೇರೆ ಪ್ರೋಗ್ರಾಮುಗಳಾಗಿ ಒಡೆಯಲಾಯಿತು. ಹಳೆಯ ಮಾರ್ಗದರ್ಶಿಯ ಸಾಲುಗಳನ್ನು ಹೊಸ ಕಡತಕ್ಕೆ ಅಂಟಿಸಿದರೆ ಪ್ರೋಗ್ರಾಮು ಏಳುವುದೇ ಇಲ್ಲ. ಯಂತ್ರಭಾಗವಾಗಿ ಸಿಸ್ಮೋಬಿಟಿಎಸ್ 1002 ಎಂಬ 200 ಮಿಲಿವ್ಯಾಟ್‌ನ ಸಣ್ಣ ಪೆಟ್ಟಿಗೆಯನ್ನೂ, ಉಳಿದ ಪ್ರೋಗ್ರಾಮುಗಳಿಗೆ ಡೆಬಿಯನ್ ಲಿನಕ್ಸ್ ಇರುವ ಒಂದು ಸಾಮಾನ್ಯ ಕಂಪ್ಯೂಟರನ್ನೂ ಇಟ್ಟುಕೊಂಡಿದ್ದೇವೆ ಎಂದು ತಿಳಿಯಿರಿ. ಆಜ್ಞೆಗಳನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಟೈಪ್ ಮಾಡಬೇಕಾದದ್ದು ಇಂಗ್ಲಿಷ್ ಅಕ್ಷರಗಳಲ್ಲಿ. ಕಾಗುಣಿತ ಮರೆತರೆ ಪ್ರಶ್ನಾರ್ಥಕ ಚಿಹ್ನೆ ಒತ್ತಿ, ಆ ಜಾಗದಲ್ಲಿ ಸಲ್ಲುವ ಪದಗಳೆಲ್ಲ ಪರದೆಗೆ ಬರುತ್ತವೆ.

ಮೊದಲು ಪರವಾನಗಿ, ಆಮೇಲೆ ಕೇಬಲ್

ಜಿಎಸ್‌ಎಂ ತರಂಗಾಂತರಗಳು ಪರವಾನಗಿ ಪಡೆದ ಕಂಪನಿಗಳಿಗೆ ಸೇರಿದವು. ಭಾರತದಲ್ಲಿ ಪ್ರಯೋಗಕ್ಕೆ ಬೇಕಾದ ಅನುಮತಿಯನ್ನು ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ಪ್ಲಾನಿಂಗ್ ಅಂಡ್ ಕೋಆರ್ಡಿನೇಷನ್ ವಿಭಾಗದಿಂದ, ಸರಳ್ ಸಂಚಾರ್ ಪೋರ್ಟಲ್ ಮೂಲಕ ಪಡೆಯಬೇಕು. ಗಾಳಿಗೆ ತರಂಗ ಬಿಡುವ ಪ್ರಯೋಗ, ಬಿಡದ ಪ್ರಯೋಗ ಎಂದು ಎರಡು ಬಗೆಯಿವೆ. ಕಲಿಯುವವರಿಗೆ ಎರಡನೆಯದೇ ಸಾಕು. ಇದನ್ನು ಬರಿಯ ಕಾಗದದ ವಿಧಿ ಎಂದು ದಯವಿಟ್ಟು ಭಾವಿಸಬೇಡಿ. ದಾರಿಹೋಕರೊಬ್ಬರ ಫೋನು ನಿಮ್ಮ ಸೆಲ್ಲಿಗೆ ಅಂಟಿಕೊಂಡು, ನಿಮ್ಮ ಎಚ್‌ಎಲ್‌ಆರ್‌ನಲ್ಲಿ ಆ ಸಿಮ್ ಇಲ್ಲವೆಂಬ ಕಾರಣಸಂಖ್ಯೆಯೊಂದಿಗೆ ತಿರಸ್ಕೃತವಾದರೆ, ಆ ಫೋನು ತನ್ನ ಸಿಮ್ಮೇ ಅಮಾನ್ಯವೆಂದು ಬಗೆದು, ಆರಿಸಿ ಹಚ್ಚುವವರೆಗೆ ತನ್ನ ಸ್ವಂತ ಜಾಲಕ್ಕೂ ಸೇರದೆ ಉಳಿಯಬಹುದು. ಆ ಹೊತ್ತಿನಲ್ಲಿ ಅವರಿಗೆ ಆಸ್ಪತ್ರೆಯಿಂದ ಕರೆ ಬರುವುದಿತ್ತು ಎಂದು ಯೋಚಿಸಿದರೆ ಕೇಬಲ್ಲಿನ ಬೆಲೆ ಹೆಚ್ಚೆನಿಸುವುದಿಲ್ಲ.

ಹಾಗಾಗಿ ಆ್ಯಂಟೆನಾದ ಜಾಗದಲ್ಲಿ 50 ಓಮ್‌ನ ಕೇಬಲ್, ಅದರ ನಡುವೆ ಸಿಗ್ನಲ್ಲನ್ನು ತಗ್ಗಿಸುವ ಅಟೆನ್ಯುಯೇಟರ್, ತುದಿಯಲ್ಲಿ ಫೋನುಗಳನ್ನಿಟ್ಟ ಲೋಹದ ರಕ್ಷಾಪೆಟ್ಟಿಗೆ ಇರಲಿ. ಲೆಕ್ಕ ಹೀಗೆ: ಪೆಟ್ಟಿಗೆಯ ಪೂರ್ಣ ಶಕ್ತಿಯಾದ 200 ಮಿಲಿವ್ಯಾಟ್ ಎಂದರೆ 23 ಡಿಬಿಎಂ, ಕಾನ್ಫಿಗರೇಷನ್ನಿನಲ್ಲಿ 20 ಡಿಬಿ ತಗ್ಗಿಸಿದರೆ 3 ಡಿಬಿಎಂ, ಅಂದರೆ 2 ಮಿಲಿವ್ಯಾಟ್, 60 ಡಿಬಿ ಅಟೆನ್ಯುಯೇಟರ್ ದಾಟಿದ ಮೇಲೆ ಉಳಿಯುವುದು ಮೈನಸ್ 57 ಡಿಬಿಎಂ. ಮೈನಸ್ 100ರ ಆಸುಪಾಸಿನ ಸಿಗ್ನಲ್ಲನ್ನೂ ಹಿಡಿಯುವ ಫೋನಿಗೆ ಇದು ಧಾರಾಳ. ಎದುರು ದಿಕ್ಕನ್ನು ಮರೆಯಬೇಡಿ: 1800 ಬ್ಯಾಂಡಿನಲ್ಲಿ ಫೋನು 30 ಡಿಬಿಎಂ, ಅಂದರೆ 1 ವ್ಯಾಟ್‌ವರೆಗೆ ಬಿಡಬಲ್ಲದು, ಆದ್ದರಿಂದ ಅಟೆನ್ಯುಯೇಟರ್ ಅಷ್ಟನ್ನು ತಾಳುವಂಥದ್ದಾಗಿರಬೇಕು. ಕಳಿಸುವ ಮತ್ತು ಸ್ವೀಕರಿಸುವ ಕನೆಕ್ಟರುಗಳು ಬೇರೆ ಬೇರೆ ಇದ್ದರೆ ಎರಡಕ್ಕೂ ಈ ಏರ್ಪಾಡು ಬೇಕು. ಬರಿದಾದ ಕನೆಕ್ಟರಿನೊಂದಿಗೆ ಯಾವತ್ತೂ ಪವರ್ ಕೊಡಬೇಡಿ.

ಪೆಟ್ಟಿಗೆಯೊಳಗೆ

ಮೊದಲ ಪ್ರವೇಶ ಸೀರಿಯಲ್ ಕನ್ಸೋಲಿನ ಮೂಲಕ. ಮಿನಿಕಾಮ್ ಅಥವಾ ಪುಟ್ಟಿಯಲ್ಲಿ ವೇಗ 115200, 8 ಡೇಟಾ ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್ ಎಂದು ಹೊಂದಿಸಿ, ಹಾರ್ಡ್‌ವೇರ್ ಫ್ಲೋ ಕಂಟ್ರೋಲನ್ನು ಆರಿಸಿಡಿ. ಅದು ಹಚ್ಚಿದ್ದರೆ ಅಕ್ಷರಗಳು ಕಾಣುತ್ತವೆ, ಆದರೆ ನೀವು ಟೈಪ್ ಮಾಡಿದ್ದು ಒಳಗೆ ಹೋಗದಿರಬಹುದು. ಪೆಟ್ಟಿಗೆಗೆ ಸ್ಥಿರ ವಿಳಾಸ ಕೊಡಿ. ಇಲ್ಲಿ ಅದು 192.168.100.21, ಕಂಪ್ಯೂಟರಿನದು 192.168.100.11. ಪಿಂಗ್ ಎರಡೂ ಕಡೆಯಿಂದ ಹೋದ ಮೇಲೆ ಸೀರಿಯಲ್ ಕೇಬಲ್ ಬಿಟ್ಟು ಎಸ್‌ಎಸ್‌ಎಚ್‌ಗೆ ಬನ್ನಿ, ಮತ್ತು ಅಂದಿನ ಇಡೀ ಕೆಲಸ 'ಸ್ಕ್ರಿಪ್ಟ್' ಆಜ್ಞೆಯಿಂದ ಒಂದು ಕಡತದಲ್ಲಿ ದಾಖಲಾಗುತ್ತಿರಲಿ.

ಓಸ್ಮೋ-ಬಿಟಿಎಸ್‌ನ ಕಾನ್ಫಿಗರೇಷನ್ ಕಡತದಲ್ಲಿ ತಿದ್ದುವುದು ಮೂರೇ ಸಾಲು. ಬ್ಯಾಂಡ್ 1800. 'ಐಪಿಎ ಯೂನಿಟ್-ಐಡಿ 1801 0', ಇದು ಪೆಟ್ಟಿಗೆ ತನ್ನನ್ನು ಬಿಎಸ್‌ಸಿಗೆ ಪರಿಚಯಿಸಿಕೊಳ್ಳುವ ಹೆಸರು. 'ಒಎಂಎಲ್ ರಿಮೋಟ್-ಐಪಿ 192.168.100.11', ಇದು ಯಾರನ್ನು ಹುಡುಕಿಕೊಂಡು ಹೋಗಬೇಕು ಎಂಬುದು; ಒಎಂಎಲ್ ಎಂದರೆ ಬಿಎಸ್‌ಸಿಯು ಪೆಟ್ಟಿಗೆಯನ್ನು ನಿರ್ವಹಿಸುವ ಕೊಂಡಿ. ಚಾನೆಲ್ ಸಂಖ್ಯೆ, ಸೆಲ್ಲಿನ ಗುರುತು, ಟೈಮ್‌ಸ್ಲಾಟ್ ಇವಾವುವೂ ಪೆಟ್ಟಿಗೆಯಲ್ಲಿರುವುದಿಲ್ಲ; ಸಂಪರ್ಕವಾದ ಮೇಲೆ ಬಿಎಸ್‌ಸಿಯೇ ಅವನ್ನು ಒಪ್ಪಿಸುತ್ತದೆ. ಈ ಮಾತು ಮನಸ್ಸಿನಲ್ಲಿ ಕೂತರೆ ಮುಂದಿನ ಅರ್ಧ ಗೊಂದಲ ತಪ್ಪುತ್ತದೆ.

ಬಿಎಸ್‌ಸಿಯ ಕಡತ

ಜಾಲದ ಗುರುತಾಗಿ ದೇಶಸಂಕೇತ 001, ಜಾಲಸಂಕೇತ 01 ಇರಲಿ. ಇದು ಪರೀಕ್ಷೆಗಾಗಿಯೇ ಮೀಸಲಾದದ್ದು. ಭಾರತದ 404, 405ನ್ನು ಮುಟ್ಟಬಾರದು. ಬಿಟಿಎಸ್ 0ರ ಅಡಿಯಲ್ಲಿ ಟೈಪ್ ಓಸ್ಮೋ-ಬಿಟಿಎಸ್, ಬ್ಯಾಂಡ್ ಡಿಸಿಎಸ್1800, ಅದೇ ಯೂನಿಟ್-ಐಡಿ 1801 0, ಲೊಕೇಷನ್ ಏರಿಯಾ ಕೋಡ್ 1, ಫೋನುಗಳ ಗರಿಷ್ಠ ಶಕ್ತಿ 15 ಡಿಬಿಎಂ ಎಂದು ಬರೆಯಿರಿ. 'ರೇಚ್ ಎಮರ್ಜೆನ್ಸಿ ಕಾಲ್ ಅಲೌಡ್ 0' ಎಂಬ ಸಾಲನ್ನು ಬಿಡಲೇಬೇಡಿ: ನಿಮ್ಮ ಪ್ರಯೋಗದ ಸೆಲ್ 112ಕ್ಕೆ ಬಂದ ಕರೆಯನ್ನು ಎಲ್ಲಿಗೂ ಮುಟ್ಟಿಸಲಾರದು, ಆದ್ದರಿಂದ ಅಂಥ ಕರೆ ಇಲ್ಲಿ ಆಗದು ಎಂದು ಫೋನಿಗೆ ಮೊದಲೇ ಸಾರಬೇಕು.

ಟಿಆರ್‌ಎಕ್ಸ್ 0ರಲ್ಲಿ, ಅಂದರೆ ಪೆಟ್ಟಿಗೆಯ ತರಂಗ ಕಳಿಸುವ-ಸ್ವೀಕರಿಸುವ ಘಟಕದಲ್ಲಿ, ಎಆರ್‌ಎಫ್‌ಸಿಎನ್ (ಚಾನೆಲ್ ಸಂಖ್ಯೆ) 871, 'ನಾಮಿನಲ್ ಪವರ್ 23', 'ಮ್ಯಾಕ್ಸ್ ಪವರ್ ರೆಡ್ 20', ಮತ್ತು ಸದ್ಯಕ್ಕೆ 'ಆರ್‌ಎಫ್ ಲಾಕ್ಡ್ 1' ಎಂದಿರಲಿ. ಕೊನೆಯ ಎರಡು ಆಜ್ಞೆಗಳಲ್ಲಿ ಪದಗಳ ನಡುವೆ ಅಡಿಗೆರೆ ಬರುತ್ತದೆ. 871ನೆಯ ಚಾನೆಲ್ ಎಂದರೆ ಫೋನಿನಿಂದ ಬರುವುದು 1782.0 ಮೆಗಾಹರ್ಟ್ಸ್, ಫೋನಿಗೆ ಹೋಗುವುದು 1877.0. ಪರವಾನಗಿಯಲ್ಲಿ ಬೇರೆ ಸಂಖ್ಯೆಯಿದ್ದರೆ ಅದನ್ನೇ ಬಳಸಬೇಕು. ಎಂಟು ಟೈಮ್‌ಸ್ಲಾಟುಗಳಲ್ಲಿ 0ನೆಯದಕ್ಕೆ ಎಲ್ಲ ಫೋನುಗಳಿಗೂ ಸಾಮಾನ್ಯವಾದ ಸಿಸಿಸಿಎಚ್ ಜೊತೆಗೆ ಸಂಕೇತಗಳಿಗಾಗಿರುವ ಎಸ್‌ಡಿಸಿಸಿಎಚ್4, 1ಕ್ಕೆ ಎಸ್‌ಡಿಸಿಸಿಎಚ್8, ಉಳಿದ ಆರಕ್ಕೆ ಧ್ವನಿಯ ಟಿಸಿಎಚ್/ಎಫ್ ಕೊಡಿ. ಒಂದೇ ಸೆಲ್ಲಿನ ಇಬ್ಬರು ಮಾತಾಡಿದರೆ ಎರಡು ಸ್ಲಾಟ್ ಹಿಡಿಯುತ್ತವೆ, ಹಾಗಾಗಿ ಏಕಕಾಲಕ್ಕೆ ಮೂರು ಜೋಡಿಗಳಷ್ಟೇ ಮಾತಾಡಬಲ್ಲವು.

ಕೊಂಡಿಗಳನ್ನು ಒಂದೊಂದಾಗಿ ಎಬ್ಬಿಸುವುದು

ಓಸ್ಮೋ-ಎಸ್‌ಟಿಪಿ (ಸಂಕೇತ ಸಂದೇಶಗಳಿಗೆ ದಾರಿ ತೋರುವುದು), ಎಚ್‌ಎಲ್‌ಆರ್, ಎಂಜಿಡಬ್ಲ್ಯೂ (ಧ್ವನಿ ಸಾಗಿಸುವುದು), ಎಂಎಸ್‌ಸಿ, ಕೊನೆಗೆ ಬಿಎಸ್‌ಸಿ ಎಂಬ ಕ್ರಮದಲ್ಲಿ ಪ್ರೋಗ್ರಾಮುಗಳನ್ನು ಆರಂಭಿಸಿ. ಪ್ರತಿಯೊಂದಕ್ಕೂ ತನ್ನದೇ ಟೆಲ್ನೆಟ್ ಬಾಗಿಲಿದೆ: ಬಿಎಸ್‌ಸಿಗೆ 4242, ಎಂಎಸ್‌ಸಿಗೆ 4254, ಎಚ್‌ಎಲ್‌ಆರ್‌ಗೆ 4258, ಪೆಟ್ಟಿಗೆಯೊಳಗಿನ ಬಿಟಿಎಸ್‌ಗೆ 4241. ಈ ಬಾಗಿಲುಗಳು ಲೋಕಲ್‌ಹೋಸ್ಟಿಗೆ ಮಾತ್ರ ತೆರೆದಿರುವುದು ಸರಿಯಾದ ಏರ್ಪಾಡು. ಪಾಸ್‌ವರ್ಡ್ ಕೇಳದ ಬಾಗಿಲನ್ನು ಹೊರಜಾಲಕ್ಕೆ ತೆರೆಯಬಾರದು. ಎಸ್‌ಎಸ್‌ಎಚ್‌ನಲ್ಲಿ ಒಳಹೊಕ್ಕು ಅಲ್ಲಿಂದ 'ಟೆಲ್ನೆಟ್ ಲೋಕಲ್‌ಹೋಸ್ಟ್ 4242' ಎನ್ನಿ.

ಬಿಎಸ್‌ಸಿಗೂ ಎಂಎಸ್‌ಸಿಗೂ ನಡುವಿನ ಕೊಂಡಿಯನ್ನು ಮೊದಲು ನೋಡಿ. 'ಶೋ ಸಿಎಸ್7 ಇನ್‌ಸ್ಟನ್ಸ್ 0 ಎಎಸ್‌ಪಿ' ಎಂದಾಗ ಸ್ಥಿತಿ 'ಆ್ಯಕ್ಟಿವ್' ಎಂದಿರಬೇಕು. ಇಲ್ಲದಿದ್ದರೆ ಎಸ್‌ಟಿಪಿಯು ಎಸ್‌ಸಿಟಿಪಿಯ 2905ನೆಯ ಪೋರ್ಟಿನಲ್ಲಿ ಕಿವಿಗೊಟ್ಟಿದೆಯೇ ಎಂದು ನೋಡಬೇಕು. ಎಲ್ಲ ಒಂದೇ ಕಂಪ್ಯೂಟರಿನಲ್ಲಿದ್ದರೆ ಡೀಫಾಲ್ಟ್ ಪಾಯಿಂಟ್ ಕೋಡುಗಳೆಂಬ ವಿಳಾಸಗಳನ್ನು, ಅಂದರೆ ಎಂಎಸ್‌ಸಿಗೆ 0.23.1, ಬಿಎಸ್‌ಸಿಗೆ 0.23.3 ಎಂಬುದನ್ನು, ಬದಲಿಸುವ ಅಗತ್ಯವಿಲ್ಲ.

ಈಗ ಬಿಟಿಎಸ್ ಸರದಿ. ಪೆಟ್ಟಿಗೆಯಲ್ಲಿ ಓಸ್ಮೋ-ಬಿಟಿಎಸ್ ಆರಂಭಿಸಿ, ಬಿಎಸ್‌ಸಿಯಲ್ಲಿ 'ಶೋ ಬಿಟಿಎಸ್ 0' ಎಂದು ಕೇಳಿ. ಒಎಂಎಲ್ ಲಿಂಕ್ 'ಕನೆಕ್ಟೆಡ್' ಎಂದೂ ಅದರ ಪಕ್ಕದಲ್ಲಿ ಎಷ್ಟು ನಿಮಿಷ, ಎಷ್ಟು ಸೆಕೆಂಡಿನಿಂದ ಎಂದೂ ಬರುತ್ತದೆ. ಆ ಸೆಕೆಂಡುಗಳ ಮೇಲೆ ಕಣ್ಣಿಡಿ. ಎರಡು ನಿಮಿಷ ಬಿಟ್ಟು ಮತ್ತೆ ಕೇಳಿದಾಗ ಎಣಿಕೆ ಬೆಳೆದಿರದೆ ಮತ್ತೆ 4 ಸೆಕೆಂಡು, 7 ಸೆಕೆಂಡು ಎಂದೇ ಇದ್ದರೆ, ಪೆಟ್ಟಿಗೆ ಕೂಡಿಕೊಳ್ಳುತ್ತಾ ಕಡಿದುಕೊಳ್ಳುತ್ತಾ ಇದೆ ಎಂದರ್ಥ. 'ಕನೆಕ್ಟೆಡ್' ಎಂಬ ಪದ ಮಾತ್ರ ನೋಡಿ ಮುಂದೆ ಹೋದವರಿಗೆ ಇದು ತಿಳಿಯುವುದೇ ಇಲ್ಲ. ಒಮ್ಮೆ ನಾನು ಒಂದು ಕಡತದಲ್ಲಿ 1801, ಇನ್ನೊಂದರಲ್ಲಿ 1810 ಎಂದು ಬರೆದು ಒಂದಿಡೀ ಬೆಳಿಗ್ಗೆ ಕೇಬಲ್ ಬದಲಿಸುತ್ತಾ ಕಳೆದೆ. 'ಜರ್ನಲ್‌ಸಿಟಿಎಲ್' ತೆರೆದು ಬಿಎಸ್‌ಸಿಯ ಲಾಗ್ ಓದಿದ್ದರೆ, 1810/0/0 ಎಂಬ ಬಿಟಿಎಸ್‌ನ ಕಾನ್ಫಿಗರೇಷನ್ ಸಿಗಲಿಲ್ಲ, ಸಂಪರ್ಕ ಕಡಿಯುತ್ತಿದ್ದೇನೆ ಎಂಬ ಸಾಲು ಮೊದಲ ನಿಮಿಷದಿಂದಲೂ ಅಲ್ಲಿತ್ತು. ಅಂದಿನಿಂದ ಲಾಗ್‌ಗೆಂದೇ ಒಂದು ಟರ್ಮಿನಲ್ ಕಿಟಕಿ ಸದಾ ತೆರೆದಿರುತ್ತದೆ.

ಒಎಂಎಲ್ ಬರುವುದು 3002ನೆಯ ಪೋರ್ಟಿಗೆ, ಆಮೇಲೆ ಟಿಆರ್‌ಎಕ್ಸ್‌ನ ಆರ್‌ಎಸ್‌ಎಲ್, ಅಂದರೆ ಕರೆಗಳ ಸಂಕೇತ ಸಾಗಿಸುವ ಕೊಂಡಿ, 3003ಕ್ಕೆ. ಫೈರ್‌ವಾಲ್ ಮೊದಲನೆಯದನ್ನು ಬಿಟ್ಟು ಎರಡನೆಯದನ್ನು ತಡೆದರೆ ಪೆಟ್ಟಿಗೆ ಅರ್ಧ ಎದ್ದು ನಿಲ್ಲುತ್ತದೆ. 'ಶೋ ಟಿಆರ್‌ಎಕ್ಸ್ 0 0' ಎಂದು ನೋಡಿ. ಇಲ್ಲಿ 'ಲಾಕ್ಡ್' ಎಂದು ಬರುವುದು ಸರಿಯೇ, ಏಕೆಂದರೆ ನಾವೇ ಬೀಗ ಹಾಕಿದ್ದೇವೆ. ಕೇಬಲ್, ಅಟೆನ್ಯುಯೇಟರ್, ರಕ್ಷಾಪೆಟ್ಟಿಗೆಯ ಬಾಗಿಲು ಇವನ್ನು ಇನ್ನೊಮ್ಮೆ ಕೈಯಿಂದ ಮುಟ್ಟಿ ನೋಡಿ, 'ಎನೇಬಲ್', 'ಕಾನ್ಫಿಗರ್ ಟರ್ಮಿನಲ್' ದಾಟಿ ನೆಟ್‌ವರ್ಕ್, ಬಿಟಿಎಸ್ 0, ಟಿಆರ್‌ಎಕ್ಸ್ 0ಕ್ಕೆ ಇಳಿದು 'ಆರ್‌ಎಫ್ ಲಾಕ್ಡ್ 0' ಎನ್ನಿ. ಈ ಬೀಗ ಕೂಡಲೇ ತೆರೆಯುತ್ತದೆ. ಆದರೆ ಎಆರ್‌ಎಫ್‌ಸಿಎನ್‌ನಂಥ ಸಂಗತಿಗಳನ್ನು ಬದಲಿಸಿದರೆ, ಪೆಟ್ಟಿಗೆ ಮುಂದಿನ ಬಾರಿ ಒಎಂಎಲ್ ಕೂಡಿದಾಗಷ್ಟೇ ಅದಕ್ಕೆ ತಿಳಿಯುತ್ತದೆ. ಅದಕ್ಕಾಗಿ 'ಡ್ರಾಪ್ ಬಿಟಿಎಸ್ ಕನೆಕ್ಷನ್ 0 ಒಎಂಎಲ್' ಎಂಬ ಆಜ್ಞೆಯಿದೆ. ಪರದೆಯ ಮೇಲೆ ಹೊಸ ಸಂಖ್ಯೆ, ಗಾಳಿಯಲ್ಲಿ ಹಳೆಯ ಸಂಖ್ಯೆ ಎಂಬ ಸ್ಥಿತಿ ಬಹಳ ಜನರನ್ನು ದಣಿಸಿದೆ.

ಸ್ಪೆಕ್ಟ್ರಮ್ ಅನಲೈಸರ್ ಇದ್ದರೆ 1877.0 ಮೆಗಾಹರ್ಟ್ಸ್ ಬಳಿ 200 ಕಿಲೋಹರ್ಟ್ಸ್ ಅಗಲದ ದಿಬ್ಬ ಕಾಣಬೇಕು. ಜಿಎಸ್‌ಎಂ ಮಾನದಂಡ ಸಾಮಾನ್ಯ ಬೇಸ್ ಸ್ಟೇಷನ್ನಿಗೆ ಬಿಡುವ ತಪ್ಪು ಹತ್ತು ಲಕ್ಷಕ್ಕೆ 0.05 ಭಾಗ, ಪಿಕೋ ವರ್ಗಕ್ಕೆ 0.1 ಭಾಗ, ಈ ಚಾನೆಲಿನಲ್ಲಿ ಅದು ಸುಮಾರು 94 ಮತ್ತು 188 ಹರ್ಟ್ಸ್. ಗಡಿಯಾರ ಇದನ್ನು ಬಹಳ ಮೀರಿದರೆ ಎಲ್ಲ ಕೊಂಡಿಗಳೂ ಸರಿಯಿದ್ದು ಫೋನಿಗೆ ಮಾತ್ರ ಸೆಲ್ ಕಾಣುವುದಿಲ್ಲ.

ಫೋನು, ಸಂದೇಶ, ಮಾತು

ಎಚ್‌ಎಲ್‌ಆರ್‌ನಲ್ಲಿ 'ಸಬ್‌ಸ್ಕ್ರೈಬರ್ ಐಎಂಎಸ್‌ಐ', ಸಿಮ್ಮಿನ 15 ಅಂಕೆಯ ಗುರುತುಸಂಖ್ಯೆ, 'ಕ್ರಿಯೇಟ್' ಎಂದು ದಾಖಲೆ ತೆರೆದು, 'ಅಪ್‌ಡೇಟ್ ಎಂಎಸ್‌ಐಎಸ್‌ಡಿಎನ್ 1001' ಎಂದು ಫೋನ್ ಸಂಖ್ಯೆ ಕೊಡಿ. ಎರಡನೆಯ ಸಿಮ್ಮಿಗೆ 1002. ಸಿಮ್ಮುಗಳು ಕೆಐ ಎಂಬ ರಹಸ್ಯ ಕೀಲಿ ಗೊತ್ತಿರುವ, ಪ್ರೋಗ್ರಾಮ್ ಮಾಡಬಲ್ಲಂಥವಾಗಿದ್ದರೆ ಅದನ್ನೂ ದಾಖಲಿಸಿ, ಎಂಎಸ್‌ಸಿಯಲ್ಲಿ 'ಅಥೆಂಟಿಕೇಷನ್ ರಿಕ್ವೈರ್ಡ್' ಎಂದಿಡಿ. ಬಂದ ಸಿಮ್ಮನ್ನೆಲ್ಲ ತಾನಾಗಿ ಸೇರಿಸಿಕೊಳ್ಳುವ ಸೌಲಭ್ಯವಿದೆ, ಅದು ಬೇಡ. ಫೋನಿನಲ್ಲಿ ಜಾಲವನ್ನು ಕೈಯಾರೆ ಹುಡುಕಿದಾಗ 001 01 ಕಾಣುತ್ತದೆ; ಆರಿಸಿ. ಎಂಎಸ್‌ಸಿಯಲ್ಲಿ 'ಶೋ ಸಬ್‌ಸ್ಕ್ರೈಬರ್ ಕ್ಯಾಶ್' ಎಂದರೆ ಅದರ ಹೆಸರು ಬಂದಿರಬೇಕು. ಎಚ್‌ಎಲ್‌ಆರ್‌ನಲ್ಲಿ ಅದಕ್ಕೆ ಬೇಕಾದ ಯುಎಸ್‌ಎಸ್‌ಡಿ ಸಾಲು ಹಾಕಿದ್ದರೆ ಫೋನಿನಿಂದ *#100# ಒತ್ತಿದಾಗ ಸ್ವಂತ ಸಂಖ್ಯೆ ಪರದೆಗೆ ಬರುತ್ತದೆ.

ಸಂದೇಶದ ಪರೀಕ್ಷೆಯನ್ನು ಕನ್ನಡದಲ್ಲೂ ಮಾಡಿ. ಜಿಎಸ್‌ಎಂನ ಮೂಲ 7 ಬಿಟ್ ಅಕ್ಷರಮಾಲೆಯಲ್ಲಿ ಕನ್ನಡವಿಲ್ಲ. 3ಜಿಪಿಪಿ ಮಾನದಂಡ ಆಮೇಲೆ ಕನ್ನಡಕ್ಕೂ ಒಂದು ಕೋಷ್ಟಕ ಕೊಟ್ಟಿದ್ದರೂ, ನಾನು ಪರೀಕ್ಷಿಸಿದ ಫೋನುಗಳೆಲ್ಲ ಯುಸಿಎಸ್-2 ರೂಪದಲ್ಲೇ ಕಳಿಸುತ್ತವೆ, ಆಗ ಒಂದು ಸಂದೇಶಕ್ಕೆ 160ರ ಬದಲು 70 ಚಿಹ್ನೆಗಳಷ್ಟೇ ಹಿಡಿಸುತ್ತವೆ. ನಮ್ಮ ಕಣ್ಣಿಗೆ ಒಂದೇ ಅಕ್ಷರವಾದ 'ಸ್ತ್ರೀ' ಅಲ್ಲಿ ಆರು ಚಿಹ್ನೆ: ಸ, ವಿರಾಮ, ತ, ವಿರಾಮ, ರ, ದೀರ್ಘ. ಹಾಗಾಗಿ ಎರಡು ಸಾಲಿನ ಕನ್ನಡ ಸಂದೇಶವೂ ತುಂಡಾಗಿ ಹೋಗಿ ಆ ಕಡೆ ಜೋಡಣೆಯಾಗಬೇಕಾಗುತ್ತದೆ, ಮತ್ತು ಆ ಜೋಡಣೆ ಸರಿಯಾಯಿತೇ ಎಂಬುದು ಇಂಗ್ಲಿಷಿನ 'ಹಲೋ' ಕಳಿಸಿದರೆ ಗೊತ್ತಾಗುವುದಿಲ್ಲ.

ಕರೆಯಲ್ಲಿ ರಿಂಗಾಗಿ, ಎತ್ತಿದ ಮೇಲೆ ಒಂದು ಕಡೆ ಅಥವಾ ಎರಡೂ ಕಡೆ ಮೌನವಿದ್ದರೆ ರೇಡಿಯೋವನ್ನು ದೂರಬೇಡಿ. ಧ್ವನಿಯ ಪ್ಯಾಕೆಟ್ಟುಗಳು ಎಂಜಿಡಬ್ಲ್ಯೂ ಮೂಲಕ ಹಾಯುತ್ತವೆ, ಅದರ 'ಆರ್‌ಟಿಪಿ ಬೈಂಡ್-ಐಪಿ' 127.0.0.1 ಎಂದೇ ಉಳಿದಿದ್ದರೆ ಹೊರಗಿನ ಪೆಟ್ಟಿಗೆ ಆ ವಿಳಾಸವನ್ನು ಮುಟ್ಟಲಾರದು. 192.168.100.11 ಎಂದು ಬದಲಿಸಿ, ಎಂಜಿಡಬ್ಲ್ಯೂವನ್ನು ಮರುಆರಂಭಿಸಿ, ಒಂದು ನಿಮಿಷದ ಕರೆಯನ್ನು ಎರಡೂ ದಿಕ್ಕಿನಿಂದ ಮಾಡಿ. ಕರೆ ನಡೆಯುತ್ತಿರುವಾಗಲೇ 'ಶೋ ಎಲ್‌ಚಾನ್ ಸಮ್ಮರಿ' ಕೇಳಿದರೆ ಎರಡು ಟಿಸಿಎಚ್/ಎಫ್ ಸಾಲುಗಳು ಕಾಣುತ್ತವೆ. ಕರೆ ಇಟ್ಟ ಮೇಲೆ ಅವು ಮಾಯವಾಗಬೇಕು.

ಎಲ್ಲ ನೆಟ್ಟಗಾದ ಮೇಲೆ ಟೆಲ್ನೆಟ್‌ನಲ್ಲಿ ಏನನ್ನು ಬದಲಿಸಿದ್ದೀರೋ ಆ ಪ್ರತಿಯೊಂದು ಪ್ರೋಗ್ರಾಮಿನಲ್ಲೂ 'ರೈಟ್ ಫೈಲ್' ಎನ್ನಬೇಕು, ಇಲ್ಲವಾದರೆ ವಿದ್ಯುತ್ ಹೋಗಿ ಬಂದಾಗ ಅಷ್ಟೂ ಕೆಲಸ ಅಳಿದಿರುತ್ತದೆ. ಬಿಎಸ್‌ಸಿಯಲ್ಲಿ ಮಾತ್ರ ಅದಕ್ಕೆ ಮೊದಲು 'ಆರ್‌ಎಫ್ ಲಾಕ್ಡ್ 1' ಹಾಕಿ ಉಳಿಸಿ. ಹಾಗೆ ಮಾಡಿದರೆ ಯಾರೂ ಇಲ್ಲದ ರಾತ್ರಿ ಕಂಪ್ಯೂಟರು ತಾನಾಗಿ ಮರುಆರಂಭವಾದರೂ ಪೆಟ್ಟಿಗೆ ತರಂಗ ಬಿಡದೆ ಸುಮ್ಮನಿರುತ್ತದೆ, ಮತ್ತು ಮರುದಿನ ಬಂದವರು ಕೇಬಲ್ಲುಗಳನ್ನು ಮುಟ್ಟಿ ನೋಡಿದ ಮೇಲೆ ಬೀಗ ತೆರೆಯಬಹುದು.